ರಾತ್ರಿಯ ತುರಿಕೆ, ಹಗಲಿನ ದಣಿವು

ಮಳೆಗಾಲ ಕಳೆದು ಗಾಳಿ ಒಣಗತೊಡಗಿತೆಂದರೆ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಹಿರಿಯರ ಒಂದು ದೂರು ಶುರುವಾಗುತ್ತದೆ: "ರಾತ್ರಿಯಿಡೀ ಮೈ ತುರಿಸುತ್ತದೆ, ಕಣ್ಣಿಗೆ ನಿದ್ದೆ ಹತ್ತುವುದಿಲ್ಲ." ಉಷ್ಣವೆಂದೋ ರಕ್ತ ಕೆಟ್ಟಿದೆಯೆಂದೋ ಹೇಳಿ ನಾವು ಸುಮ್ಮನಾಗುತ್ತೇವೆ. ವಯಸ್ಸಾದವರಲ್ಲಿ ಹೆಚ್ಚಾಗಿ ಇದಕ್ಕೆ ಕಾರಣ ಚರ್ಮ ಒಣಗಿರುವುದು.

ಚರ್ಮದ ಹೊರಪದರವನ್ನು ನಮ್ಮ ಮುರಕಲ್ಲಿನ ಗೋಡೆಗೆ ಹೋಲಿಸಬಹುದು. ಜೀವಕೋಶಗಳು ಕಲ್ಲಾದರೆ, ನಡುವಿನ ಕೊಬ್ಬಿನಂಶ ಗಾರೆ. ಪ್ರಾಯದಲ್ಲಿ ಈ ಪದರ ಸುಮಾರು ಒಂದು ತಿಂಗಳಲ್ಲಿ ಹೊಸದಾಗುತ್ತದೆ. ವಯಸ್ಸಾದಂತೆ ಅದಕ್ಕೆ ಹೆಚ್ಚು ದಿನ ಹಿಡಿಯುತ್ತದೆ, ಎಣ್ಣೆಯ ಪಸೆಯೂ ಕಡಿಮೆಯಾಗುತ್ತದೆ. ಗಾರೆ ಉದುರಿದ ಗೋಡೆಯಂತಾದ ಚರ್ಮದಿಂದ ನೀರಿನಂಶ ಹೊರಗೆ ಹೋಗುತ್ತದೆ. ರಾತ್ರಿ ಹೊತ್ತು ಚರ್ಮ ಬೆಚ್ಚಗಾಗುವುದರಿಂದ ಇನ್ನೂ ಹೆಚ್ಚು. ಆಗಲೇ ತುರಿಕೆ. ತುರಿಸಿದಷ್ಟೂ ಚರ್ಮ ಹರಿಯುತ್ತದೆ, ನಿದ್ದೆ ಹಾರುತ್ತದೆ. ನಿದ್ದೆ ಕೆಟ್ಟವರ ದೇಹದಲ್ಲಿ ಮರುದಿನ ಸಂಜೆ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಅದು ಬಹುಕಾಲ ಹೆಚ್ಚಿಗೆ ಉಳಿದರೆ ಚರ್ಮದ ಗಾರೆ ಇನ್ನಷ್ಟು ತೆಳುವಾಗುತ್ತದೆ, ಗಾಯ ಮಾಯುವುದೂ ನಿಧಾನವಾಗುತ್ತದೆ.

ಈ ಮಾತು ಹಿರಿಯರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರೆವಿನ ರೋಗದ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರಿಗೂ, ಅಂಥ ಹೊಣೆಯಿಲ್ಲದ ಅದೇ ಪ್ರಾಯದ 13 ಮಹಿಳೆಯರಿಗೂ ತೋಳಿನಲ್ಲಿ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ ಗಮನಿಸಿದರು. ಆರೈಕೆಯ ಹೊಣೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಬೇಕಾಯಿತು.

ಹಾಸಿಗೆ ಹಿಡಿದ ಅಜ್ಜಿಗೆ ರಾತ್ರಿ ಮೂರು ಸಲ ಏಳುವ ಸೊಸೆ ನಮ್ಮಲ್ಲಿ ಎಷ್ಟು ಮನೆಗಳಲ್ಲಿಲ್ಲ! ಬೆಳಗಾದರೆ ಹಟ್ಟಿ, ಹಗಲಿಗೆ ತೋಟ. ಅವಳ ಹಿಮ್ಮಡಿಯ ಬಿರುಕು, ಕಾಲ್ಬೆರಳ ಸಂದಿನ ಹುಣ್ಣು ಏಕೆ ವಾಸಿಯಾಗುತ್ತಿಲ್ಲವೆಂದು ಯಾರೂ ಕೇಳುವುದಿಲ್ಲ. ಮುಲಾಮಿನ ಜತೆಗೆ ಅವಳಿಗೆ ನಿದ್ದೆಯೂ ಬೇಕು. ವಾರದಲ್ಲಿ ಎರಡು ರಾತ್ರಿಯಾದರೂ ಗಂಡನೋ ಮಗನೋ ಅಜ್ಜಿಯ ಕೋಣೆಯಲ್ಲಿ ಮಲಗಲಿ. ಆರೈಕೆ ಹೆಂಗಸರ ಕೆಲಸವೆಂದು ಯಾವ ವೈದ್ಯಗ್ರಂಥವೂ ಹೇಳಿಲ್ಲ.

ನಸುಕಿಗೆ ಮೊದಲೇ ತಲೆಗೆ ಟಾರ್ಚ್ ಕಟ್ಟಿ ರಬ್ಬರ್ ಟ್ಯಾಪಿಂಗಿಗೆ ಹೋಗುವವರದ್ದೂ ಇದೇ ಕಥೆ. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ, ಆದ್ದರಿಂದ ಹೊತ್ತು ಬದಲಿಸಲಾಗದು. ಆದರೆ ರಾತ್ರಿ ಹತ್ತರವರೆಗೆ ಅಡಿಕೆ ಸುಲಿದು, ಆಮೇಲೆ ಟಿ.ವಿ. ನೋಡಿ ಮಲಗಿದರೆ ದೇಹ ಸಾಲ ಮಾಡಿದಂತೆ. ಬೇಗ ಮಲಗುವುದು, ಅದಾಗದಿದ್ದರೆ ಊಟದ ಮೇಲೆ ಅರ್ಧ ಗಂಟೆ ಅಡ್ಡಾಗುವುದು ಸೋಮಾರಿತನವಲ್ಲ.

ಇನ್ನು ಮುಪ್ಪಿನ ವಿಷಯ. ನಿಮ್ಮ ಕತ್ತಿನ ಹಿಂಬದಿಯ ಚರ್ಮವನ್ನೂ ಅಂಗಿಯೊಳಗಿನ ಹೊಟ್ಟೆಯ ಚರ್ಮವನ್ನೂ ಹೋಲಿಸಿ ನೋಡಿ. ಎರಡಕ್ಕೂ ಪ್ರಾಯ ಒಂದೇ! ಸುಕ್ಕು, ಕಲೆಗಳಲ್ಲಿ ಹೆಚ್ಚಿನ ಪಾಲು ಬಿಸಿಲಿನದ್ದು. ಹಾಳೆಟೊಪ್ಪಿ, ತುಂಬುತೋಳಿನ ಅಂಗಿ ಇವೆರಡೂ ದುಬಾರಿ ಕ್ರೀಮಿಗಿಂತ ಮೇಲು.

ತುರಿಕೆಗೆ ಮೊದಲ ಮದ್ದು ಬಚ್ಚಲಿನಲ್ಲೇ ಇದೆ. ಹಂಡೆಯ ಕುದಿಯುವ ಬಿಸಿನೀರನ್ನು ಮೈಮೇಲೆ ಸುರಿದುಕೊಂಡಾಗ ಹಿತವೆನಿಸುತ್ತದೆ, ಆದರೆ ಅದು ಇದ್ದಬದ್ದ ಎಣ್ಣೆಯಂಶವನ್ನೂ ತೊಳೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷದೊಳಗೆ ಸ್ನಾನ, ಸಾಬೂನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ನಮ್ಮಲ್ಲಿ ಎಣ್ಣೆ ಹಚ್ಚಿ ಆಮೇಲೆ ಉಜ್ಜಿ ತೊಳೆಯುವ ರೂಢಿ. ಒಣಚರ್ಮಕ್ಕೆ ಸ್ನಾನದ ನಂತರ, ಮೈಯ ತೇವ ಆರುವ ಮೊದಲೇ ತೆಂಗಿನೆಣ್ಣೆ ತೆಳುವಾಗಿ ಹಚ್ಚಬೇಕು. ಒಣಚರ್ಮದ ರೋಗಿಗಳ ಮೇಲೆ ಫಿಲಿಪ್ಪೀನ್ಸಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತೆಂಗಿನೆಣ್ಣೆಯು ಔಷಧದ ಖನಿಜ ಎಣ್ಣೆಯಷ್ಟೇ ಗುಣ ತೋರಿತು. ನಮ್ಮ ಮನೆಯದ್ದೇ ಎಣ್ಣೆ, ಖರ್ಚಿಲ್ಲ. ಎಣ್ಣೆ ಹಚ್ಚಿದ ಕಾಲಿನಲ್ಲಿ ನುಣುಪು ನೆಲದ ಮೇಲೆ ನಡೆಯುವಾಗ ಜೋಪಾನ. ಬೋರ್ಡೋ ಸಿಂಪಡಿಸಿದ ದಿನ ಮಾತ್ರ ಈ ಸಾಬೂನಿನ ಲೆಕ್ಕ ಬೇಡ. ಮೈಲುತುತ್ತು ಬಿರುಕು ಚರ್ಮವನ್ನು ಉರಿಸುತ್ತದೆ, ಬಟ್ಟೆ ಬದಲಿಸಿ ಚೆನ್ನಾಗಿ ತೊಳೆದುಕೊಳ್ಳಿ.

ಮನೆಯಲ್ಲಿ ಇಬ್ಬರು ಮೂವರಿಗೆ ರಾತ್ರಿ ತುರಿಕೆಯಿದ್ದು, ಬೆರಳ ಸಂದಿಗಳಲ್ಲಿ ಗುಳ್ಳೆ ಕಂಡರೆ ಅದು ಕಜ್ಜಿಯಿರಬಹುದು. ಎಣ್ಣೆಯಿಂದ ಹೋಗುವುದಿಲ್ಲ, ವೈದ್ಯರ ಸಲಹೆಯಂತೆ ಎಲ್ಲರೂ ಒಂದೇ ದಿನ ಮದ್ದು ಹಚ್ಚಬೇಕು. ಗುಳ್ಳೆಯಿಲ್ಲದೆ ಮೈಯೆಲ್ಲ ತಿಂಗಳಾದರೂ ತುರಿಸುತ್ತಿದ್ದರೆ ಸಕ್ಕರೆ, ಮೂತ್ರಪಿಂಡ, ಪಿತ್ತಕೋಶಗಳ ಪರೀಕ್ಷೆ ಆಗಲಿ. ಬಿಸಿಲು ಬೀಳುವ ಜಾಗದ ಹುಣ್ಣು ತಿಂಗಳಾದರೂ ಮಾಯದಿದ್ದರೂ ತೋರಿಸಲೇಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಇರುತ್ತದೆ. ಮೊದಲು ಗುಣ ಕಂಡರೂ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ತುರಿಕೆಗೆಂದು ಕೊಡುವ ಮಂಪರಿನ ಮಾತ್ರೆಯನ್ನೂ ಹಿರಿಯರಿಗೆ ತಾವಾಗಿ ಕೊಡಬೇಡಿ. ರಾತ್ರಿ ಬಚ್ಚಲಿಗೆಂದು ಎದ್ದವರು ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದುಂಟು.