‘ಥ್ರಿಲ್ಲರ್’ಗೆ ಎದುರು ನಿಂತ ‘ಮರ್ಮರ್’

ಅಮೆರಿಕದ ರಾಕ್ ಬ್ಯಾಂಡ್ ಆರ್.ಇ.ಎಂ.ನ ಮೊದಲ ಪೂರ್ಣ ಆಲ್ಬಂ ‘ಮರ್ಮರ್’ ಬಿಡುಗಡೆಯಾದದ್ದು 1983ರ ಏಪ್ರಿಲ್ 12ರಂದು. ಆ ವರ್ಷ ಎಲ್ಲಿ ಕೇಳಿದರೂ ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಅಬ್ಬರ. ಆದರೂ ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು ವರ್ಷದ ಶ್ರೇಷ್ಠ ಆಲ್ಬಂ ಎಂದು ಆರಿಸಿದ್ದು ‘ಮರ್ಮರ್’ ಅನ್ನು. ಹಾಡಿನ ಮಾತುಗಳು ನೆಟ್ಟಗೆ ಕೇಳಿಸದ, ಗಿಟಾರಿನ ಮೆರೆದಾಟವಿಲ್ಲದ, ಮುಖಪುಟದಲ್ಲಿ ಕಲಾವಿದರ ಮುಖವೂ ಇಲ್ಲದ ರೆಕಾರ್ಡ್ ಅದು. ಮುಂದೆ ‘ಆಲ್ಟರ್ನೇಟಿವ್ ರಾಕ್’ ಎನಿಸಿಕೊಂಡ ಸಂಗೀತ ಯಾವ ದಾರಿಯಿಂದ ಬಂತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಬ್ಯಾಂಡಿನ ಊರು ಜಾರ್ಜಿಯಾ ರಾಜ್ಯದ ಅಥೆನ್ಸ್. ವಿಶ್ವವಿದ್ಯಾಲಯವನ್ನೇ ನೆಚ್ಚಿಕೊಂಡ ಪಟ್ಟಣ. ಪೀಟರ್ ಬಕ್ ಅಲ್ಲಿನ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕಲಾ ವಿದ್ಯಾರ್ಥಿ ಮೈಕೆಲ್ ಸ್ಟೈಪ್ ಆ ಅಂಗಡಿಯ ಗಿರಾಕಿ. ಇಬ್ಬರ ಅಭಿರುಚಿ ಕೂಡಿಬಂತು. ಮೇಕನ್ ಊರಿನಲ್ಲಿ ಶಾಲೆಯ ದಿನಗಳಿಂದಲೇ ಜೊತೆಯಾಗಿ ನುಡಿಸುತ್ತಿದ್ದ ಮೈಕ್ ಮಿಲ್ಸ್ ಮತ್ತು ಬಿಲ್ ಬೆರಿ ಬಂದು ಸೇರಿದ ಮೇಲೆ ಗಿಟಾರ್, ಗಾಯನ, ಬೇಸ್, ಡ್ರಮ್ಸ್ ನಾಲ್ಕೂ ಒದಗಿದವು. 1980ರ ಏಪ್ರಿಲ್ 5ರಂದು, ಪೂಜೆ ನಿಂತುಹೋಗಿದ್ದ ಒಂದು ಹಳೆಯ ಚರ್ಚಿನಲ್ಲಿ, ಗೆಳತಿಯ ಹುಟ್ಟುಹಬ್ಬಕ್ಕೆ ಅವರು ಮೊದಲ ಕಾರ್ಯಕ್ರಮ ಕೊಟ್ಟರು. ಆಗಿನ್ನೂ ಬ್ಯಾಂಡಿಗೆ ಹೆಸರೇ ಇರಲಿಲ್ಲ.

ಅಲ್ಲಿಂದ ಮುಂದಿನದು ವ್ಯಾನಿನಲ್ಲಿ ಊರೂರು ಅಲೆದ ಬದುಕು. ಆ ಕಾಲದ ದೊಡ್ಡ ವಾಣಿಜ್ಯ ರೇಡಿಯೊಗಳು ಇಂಥವರ ಹಾಡು ಹಾಕುತ್ತಿರಲಿಲ್ಲ. ಹಾಕುತ್ತಿದ್ದವು ವಿದ್ಯಾರ್ಥಿಗಳೇ ನಡೆಸುತ್ತಿದ್ದ ಕಾಲೇಜು ರೇಡಿಯೊಗಳು. ಅವುಗಳ ಪ್ರಸಾರ ದೂರ ಹೋಗುತ್ತಿರಲಿಲ್ಲ, ಆದರೆ ಕೇಳುವವರಿಗೆ ಹೊಸದರ ಹಸಿವಿತ್ತು. ಈ ರೇಡಿಯೊಗಳು, ಚಿಕ್ಕ ರೆಕಾರ್ಡ್ ಅಂಗಡಿಗಳು, ಅಭಿಮಾನಿಗಳು ಕೈಯಿಂದ ಖರ್ಚು ಮಾಡಿ ಹೊರತರುತ್ತಿದ್ದ ಕಿರುಪತ್ರಿಕೆಗಳು, ಇಷ್ಟೇ ಬಂಡವಾಳ. ‘ಆಲ್ಟರ್ನೇಟಿವ್’ ಎಂಬ ಹಣೆಪಟ್ಟಿ ನಂತರದ್ದು. ಮೊದಮೊದಲು ಈ ಸಂಗೀತವನ್ನು ‘ಕಾಲೇಜ್ ರಾಕ್’ ಎಂದೇ ಕರೆಯುತ್ತಿದ್ದರು. 1981ರಲ್ಲಿ ಹಿಬ್-ಟೋನ್ ಎಂಬ ಪುಟ್ಟ ಕಂಪನಿ ಆರ್.ಇ.ಎಂ.ನ ಮೊದಲ ಸಿಂಗಲ್ ‘ರೇಡಿಯೊ ಫ್ರೀ ಯುರೋಪ್’ ಹೊರತಂದಿತು. ಅದರ ಧ್ವನಿಮುದ್ರಣ ನಡೆದದ್ದು ನಿರ್ಮಾಪಕ ಮಿಚ್ ಈಸ್ಟರ್ ತನ್ನ ತಂದೆತಾಯಿಯ ಮನೆಯ ಗ್ಯಾರೇಜಿನಲ್ಲಿ ಮಾಡಿಕೊಂಡಿದ್ದ ಸ್ಟುಡಿಯೊದಲ್ಲಿ. ಮರುವರ್ಷ ಐ.ಆರ್.ಎಸ್. ರೆಕಾರ್ಡ್ಸ್ ಒಪ್ಪಂದ ಮಾಡಿಕೊಂಡು, ಐದು ಹಾಡುಗಳ ‘ಕ್ರಾನಿಕ್ ಟೌನ್’ ಬಿಡುಗಡೆ ಮಾಡಿತು.

ಪೂರ್ಣ ಆಲ್ಬಮ್ಮಿಗೆ ಕಂಪನಿ ಮೊದಲು ಗೊತ್ತುಮಾಡಿದ್ದು ಸ್ಟೀಫನ್ ಹೇಗ್ ಎಂಬ ನಿರ್ಮಾಪಕನನ್ನು. ತಾಳ ಕೂದಲೆಳೆಯಷ್ಟೂ ತಪ್ಪಬಾರದು ಎನ್ನುವ ಮನುಷ್ಯ ಆತ. ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿಸಿ ಬ್ಯಾಂಡನ್ನು ಹೈರಾಣ ಮಾಡಿದ. ಅಷ್ಟಕ್ಕೇ ಬಿಡದೆ, ಅವರನ್ನು ಕೇಳದೆಯೇ ಅದಕ್ಕೆ ಕೀಬೋರ್ಡ್ ಸೇರಿಸಿದ. ನಾಲ್ವರೂ ಹಟ ಹಿಡಿದು ಹಳೆಯ ಗೆಳೆಯ ಈಸ್ಟರ್‌ನನ್ನೇ ಕೇಳಿ ಪಡೆದರು. ಅವನ ಜೊತೆ ಇನ್ನೊಬ್ಬ ನಿರ್ಮಾಪಕನಾಗಿ ಡಾನ್ ಡಿಕ್ಸನ್ ಬಂದ. 1983ರ ಜನವರಿಯಲ್ಲಿ ಉತ್ತರ ಕೆರೊಲಿನಾದ ಷಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೊದಲ್ಲಿ ಕೆಲಸ ಶುರುವಾಯಿತು.

ಆ ಕಾಲದ ಫ್ಯಾಷನ್ನಿನ ಸಿಂಥಸೈಜರ್ ಬೇಡ, ಗಿಟಾರ್ ಸೋಲೊ ಬೇಡ ಎಂಬುದು ಬ್ಯಾಂಡಿನ ಶರತ್ತು. ನಿರ್ಮಾಪಕರಿಬ್ಬರೂ ಅದಕ್ಕೆ ಅಡ್ಡಿ ಬರಲಿಲ್ಲ. ಸಂಕೋಚದ ಸ್ವಭಾವದ ಸ್ಟೈಪ್ ಕಂಟ್ರೋಲ್ ರೂಮಿನವರ ಕಣ್ಣಿಗೆ ಬೀಳದಂತೆ, ಕತ್ತಲ ಮೆಟ್ಟಿಲ ಬಳಿ ನಿಂತು ಹಾಡಿದ. ಹೀಗೆಂದು ಇದನ್ನು ಹಸಿಹಸಿ ಮುದ್ರಣ ಎಂದುಕೊಳ್ಳಬಾರದು. ‘ವಿ ವಾಕ್’ ಹಾಡಿನಲ್ಲಿ ಗುಡುಗಿನಂತೆ ಕೇಳಿಸುವುದು ಬಿಲಿಯರ್ಡ್ಸ್ ಚೆಂಡುಗಳು ಡಿಕ್ಕಿ ಹೊಡೆದ ಸದ್ದು. ಅದನ್ನು ಹಿಡಿದು, ವೇಗ ತಗ್ಗಿಸಿ ಬಳಸಿಕೊಂಡಿದ್ದಾರೆ. (ಹಾಡಂತೂ ಆಲ್ಬಮ್ಮಿನ ತೆಳುವಾದ ರಚನೆಗಳಲ್ಲೊಂದು. ಸದ್ದೇ ಅದರ ಸ್ವಾರಸ್ಯ.)

ಆಲ್ಬಮ್ಮಿನ ಸೊಗಸು ವಾದ್ಯಗಳ ಹಂಚಿಕೆಯಲ್ಲಿದೆ. ಬಕ್ ತಂತಿಗಳನ್ನು ಒಟ್ಟಿಗೆ ಬಾರಿಸುವ ಬದಲು ಒಂದೊಂದಾಗಿ ಮೀಟುತ್ತಾನೆ. ಅರವತ್ತರ ದಶಕದ ‘ದ ಬರ್ಡ್ಸ್’ ಬ್ಯಾಂಡ್ ನೆನಪಾಗುವುದು ಇದರಿಂದಲೇ. ಸಾಮಾನ್ಯವಾಗಿ ಹಿಂದೆ ಉಳಿಯುವ ಬೇಸ್ ಇಲ್ಲಿ ಮಿಲ್ಸ್ ಕೈಯಲ್ಲಿ ರಾಗವನ್ನೇ ಹೊತ್ತು ನಡೆಯುತ್ತದೆ. ಸ್ಟೈಪ್‌ನ ದನಿಯಾದರೋ ವಾದ್ಯಗಳ ನಡುವೆ ಮುಳುಗಿ ಇನ್ನೊಂದು ವಾದ್ಯವೇ ಆಗಿಬಿಟ್ಟಿದೆ. ಮಾತು ಅಸ್ಪಷ್ಟವಾದರೂ ಭಾವಕ್ಕೆ ಕೊರತೆಯಿಲ್ಲ. ಪಿಯಾನೊ ಮೇಲೆ ನಿಂತ ‘ಪರ್ಫೆಕ್ಟ್ ಸರ್ಕಲ್’ ಕೇಳಿದರೆ ಇದು ಮನದಟ್ಟಾಗುತ್ತದೆ. ಹನ್ನೆರಡು ಹಾಡುಗಳಲ್ಲಿ ಅದಕ್ಕೇ ಮೊದಲ ಸ್ಥಾನ ಕೊಡಬೇಕು.

ಮುಖಪುಟದಲ್ಲಿರುವುದು ಕುಡ್ಜು ಬಳ್ಳಿ. ಜಪಾನಿನಿಂದ ಬಂದ ಈ ಬಳ್ಳಿ, ಬಂಡೀಪುರದ ಕಾಡಿನಲ್ಲಿ ಲಂಟಾನ ಹಬ್ಬಿದಂತೆ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹರಡಿಕೊಂಡಿದೆ. ಹಿಂಬದಿಯಲ್ಲಿ ಅಥೆನ್ಸಿನ ಹಳೆಯ ಮರದ ರೈಲು ಸೇತುವೆ. ದಕ್ಷಿಣದ ಮಣ್ಣಿನವರು ತಾವೆಂದು ಬ್ಯಾಂಡು ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ.

ವಿಮರ್ಶಕರು ಕೊಂಡಾಡಿದಷ್ಟು ಮಾರುಕಟ್ಟೆ ಮಣಿಯಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಲ್ಬಂ 36ನೇ ಸ್ಥಾನಕ್ಕೆ ಏರಿದರೆ, ಮತ್ತೊಮ್ಮೆ ಮುದ್ರಿಸಿದ ‘ರೇಡಿಯೊ ಫ್ರೀ ಯುರೋಪ್’ 78ಕ್ಕೇ ನಿಂತಿತು. ವಿಮರ್ಶಕರಲ್ಲೂ ಒಮ್ಮತವಿತ್ತೆಂದಲ್ಲ. ‘ವಿಲೇಜ್ ವಾಯ್ಸ್’ ಪತ್ರಿಕೆ ವಿಮರ್ಶಕರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ‘ಥ್ರಿಲ್ಲರ್’ ಮೊದಲು, ‘ಮರ್ಮರ್’ ಎರಡನೆಯದು. ಆ ವರ್ಷದ ಆಗಸ್ಟಿನಲ್ಲಿ ಆರ್.ಇ.ಎಂ.ನವರು ‘ದ ಪೊಲೀಸ್’ ಬ್ಯಾಂಡಿಗಿಂತ ಮುಂಚೆ ನುಡಿಸಲು ನ್ಯೂಯಾರ್ಕಿನ ಶೇ ಸ್ಟೇಡಿಯಂನ ವೇದಿಕೆ ಹತ್ತಿದರು. ಅಕ್ಟೋಬರಿನಲ್ಲಿ ಡೇವಿಡ್ ಲೆಟರ್‌ಮನ್‌ನ ಟಿ.ವಿ. ಕಾರ್ಯಕ್ರಮಕ್ಕೆ ಹೋದಾಗ ಬಕ್ ಮತ್ತು ಮಿಲ್ಸ್ ಮಾತನಾಡಿದರು, ಸ್ಟೈಪ್ ಡ್ರಮ್ಸಿನ ಬಳಿ ಸುಮ್ಮನೆ ಕುಳಿತಿದ್ದ.

ಹಾಡು ಯಾರೇ ಕಟ್ಟಿರಲಿ, ಹೆಸರು ನಾಲ್ವರದೂ ಇರಬೇಕೆಂಬ ನಿಯಮ ಬ್ಯಾಂಡನ್ನು ಒಗ್ಗೂಡಿಸಿಟ್ಟಿತು. 1988ರಲ್ಲಿ ಅವರು ವಾರ್ನರ್‌ನಂಥ ದೊಡ್ಡ ಕಂಪನಿಗೆ ಹೋದರು. 1991ರಲ್ಲಿ ‘ಔಟ್ ಆಫ್ ಟೈಮ್’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ‘ಮರ್ಮರ್’ಗೆ ಐದು ಲಕ್ಷ ಪ್ರತಿಗಳ ಗೋಲ್ಡ್ ಮನ್ನಣೆ ದೊರೆತದ್ದೂ ಅದೇ ವರ್ಷ, ಬಿಡುಗಡೆಯಾಗಿ ಎಂಟು ವರ್ಷಗಳ ನಂತರ.