ಶಾಲೆ ಬಿಡಿಸುವ ಸಂಪ್ರದಾಯಗಳು

ಹಿಂದೆ ಸುರಪುರಕ್ಕೆ ಸೇರಿದ್ದ ಹುಣಸಗಿ ಈಗ ಯಾದಗಿರಿ ಜಿಲ್ಲೆಯ ಪ್ರತ್ಯೇಕ ತಾಲ್ಲೂಕು. ನಾರಾಯಣಪುರದ ಬಸವಸಾಗರ ಜಲಾಶಯದ ನೀರು ಇಲ್ಲಿನ ಹೊಲಗಳಿಗೆ ಹರಿದು ದಶಕಗಳೇ ಕಳೆದಿದ್ದರೂ, 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 52ರಷ್ಟಿದ್ದು, ರಾಜ್ಯದಲ್ಲೇ ಅತ್ಯಂತ ಕಡಿಮೆಯಾಗಿತ್ತು.

ಬಡತನ ಮತ್ತು ಗುಳೆ, ಅಂದರೆ ದುಡಿಮೆಗಾಗಿ ಕುಟುಂಬವೇ ಊರು ಬಿಡುವುದು, ಇದಕ್ಕೆ ಕಾರಣವೆಂಬುದು ನಿಜ. ಆದರೆ ಹಿರಿಯ ಪ್ರಾಥಮಿಕ ಹಂತದಲ್ಲಿ, ಅಂದರೆ ಆರು, ಏಳನೇ ತರಗತಿಯ ಹೊತ್ತಿಗೆ, ಮೈನೆರೆದ ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವ ರೂಢಿಯೂ ಅಷ್ಟೇ ಹೊಣೆ. ಶಾಲೆ ಮೊದಲು ನಿಲ್ಲುತ್ತದೆ, ಬಾಲ್ಯವಿವಾಹ ಆಮೇಲೆ ನಡೆಯುತ್ತದೆ. ಆದ್ದರಿಂದ ದೀರ್ಘ ಗೈರುಹಾಜರಿಯನ್ನೇ ಮೊದಲ ಎಚ್ಚರಿಕೆಯೆಂದು ಪರಿಗಣಿಸಬೇಕು.

ಇದಕ್ಕಿಂತ ಕ್ರೂರವಾದದ್ದು, ದೇವರ ಹೆಸರಿನಲ್ಲಿ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ, ಮದುವೆಯ ಹಕ್ಕನ್ನು ಕಸಿದು, ಲೈಂಗಿಕ ಶೋಷಣೆಗೆ ದೂಡುವ ದೇವದಾಸಿ ಪದ್ಧತಿ. ರಾಜ್ಯವು 1982ರ ಕಾಯ್ದೆಯ ಮೂಲಕ ಇದನ್ನು ನಿಷೇಧಿಸಿದ್ದರೂ, ಈ ತಾಯಂದಿರ ಮಕ್ಕಳು ದಾಖಲಾತಿಯ ವೇಳೆ ತಂದೆಯ ಹೆಸರಿನ ಪ್ರಶ್ನೆಗೆ ತಲೆ ತಗ್ಗಿಸಬೇಕಾಗಿ ಬಂದದ್ದು, ಅಕ್ಷರಕ್ಕಿಂತ ಮೊದಲು ಅವಮಾನವನ್ನು ಕಲಿಸಿದ ಅನ್ಯಾಯ.

ಹದಿನೆಂಟು ತುಂಬದ ಹುಡುಗಿಯ ಮದುವೆ 2006ರ ಕಾಯ್ದೆಯಡಿ ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಆರಂಭದಿಂದಲೇ ಅಸಿಂಧು. ನೆರೆಮನೆಯ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದ್ದರೆ ದಯವಿಟ್ಟು ಇಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.