ಕೃಷಿ ವ್ಯವಹಾರ ನಿರ್ವಹಣೆಯ ಸ್ನಾತಕೋತ್ತರ ಪ್ರಬಂಧ: ಪೂರ್ಣಗೊಳಿಸುವ ಕ್ರಮ ಮತ್ತು ರೈತರ ಪಾತ್ರ

ಬೆಂಗಳೂರು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿ ವ್ಯವಹಾರ ನಿರ್ವಹಣೆಯ ಎಂ.ಬಿ.ಎ. ಶಿಕ್ಷಣ ಲಭ್ಯವಿದೆ. ಇಂತಹ ಶಿಕ್ಷಣದ ಕೊನೆಯ ಹಂತದಲ್ಲಿ ವಿದ್ಯಾರ್ಥಿಯು ಒಂದು ಸಮಸ್ಯೆಯನ್ನು ಆಯ್ದು, ಕ್ಷೇತ್ರದಲ್ಲಿ ಅಧ್ಯಯನ ನಡೆಸಿ, ಪ್ರಬಂಧವನ್ನು ಸಲ್ಲಿಸುವುದು ರೂಢಿ. ನಿಮ್ಮ ಮಗ ಅಥವಾ ಮಗಳು ಈ ಶಿಕ್ಷಣ ಪಡೆಯುತ್ತಿರಬಹುದು. ಇಲ್ಲವೇ ಪ್ರಶ್ನಾವಳಿ ಹಿಡಿದ ವಿದ್ಯಾರ್ಥಿಯೊಬ್ಬರು ನಿಮ್ಮ ಹೊಲದ ಬದುವಿಗೆ ಬಂದಿರಬಹುದು. ಪ್ರಬಂಧವು ಗ್ರಂಥಾಲಯದಲ್ಲಿ ಉಳಿದರೂ ಅದರ ಅಂಕಿಅಂಶಗಳು ಹುಟ್ಟುವುದು ನಿಮ್ಮ ಹೊಲ ಮತ್ತು ಮಾರುಕಟ್ಟೆಯಲ್ಲಿ. ಆದ್ದರಿಂದ ಅದರ ಕಾರ್ಯವಿಧಾನವನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ಅರಿತಿರುವುದು ಅವಶ್ಯಕ.

ವಿಷಯದ ಆಯ್ಕೆ

ಅನೇಕ ಪ್ರಬಂಧಗಳು ವಿಳಂಬವಾಗಲು ಮುಖ್ಯ ಕಾರಣ ವಿಷಯದ ವಿಸ್ತಾರ. 'ಕರ್ನಾಟಕದಲ್ಲಿ ಟೊಮೆಟೊ ಮಾರಾಟ' ಎಂಬುದು ಒಬ್ಬ ವಿದ್ಯಾರ್ಥಿಯಿಂದ ಮುಗಿಯುವ ಕೆಲಸವಲ್ಲ. 'ಕೋಲಾರ ತಾಲ್ಲೂಕಿನ ಟೊಮೆಟೊ ಬೆಳೆಗಾರರು ಬಳಸುವ ಮಾರಾಟ ಮಾರ್ಗಗಳು ಮತ್ತು ಪ್ರತಿ ಮಾರ್ಗದಲ್ಲಿ ಅವರಿಗೆ ದೊರೆಯುವ ಪಾಲು' ಎಂಬುದು ಮುಗಿಸಬಹುದಾದ ವಿಷಯ. ಮೂರು ಅಥವಾ ನಾಲ್ಕು ಉದ್ದೇಶಗಳು ಸಾಕು. ಪ್ರತಿ ಉದ್ದೇಶಕ್ಕೂ ಯಾವ ಮಾಹಿತಿ ಬೇಕು, ಅದನ್ನು ಯಾರಿಂದ ಪಡೆಯಬೇಕು ಎಂಬುದನ್ನು ಆರಂಭದಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಕೃಷಿ ವಿಶ್ವವಿದ್ಯಾಲಯಗಳ ಹಿಂದಿನ ಪ್ರಬಂಧಗಳು 'ಕೃಷಿಕೋಶ' ಜಾಲತಾಣದಲ್ಲಿ ದೊರೆಯುತ್ತವೆ. ಅವುಗಳನ್ನು ಪರಿಶೀಲಿಸಿದರೆ ಆಗಿಹೋದ ಕೆಲಸವನ್ನೇ ಪುನಃ ಮಾಡುವುದು ತಪ್ಪುತ್ತದೆ.

ಕಾರ್ಯದ ಹಂತಗಳು

1. ಮಾರ್ಗದರ್ಶಕರೊಡನೆ ಚರ್ಚಿಸಿ ಉದ್ದೇಶಗಳನ್ನು ಅಂತಿಮಗೊಳಿಸುವುದು.
2. ಪ್ರಶ್ನಾವಳಿಯನ್ನು ಸಿದ್ಧಪಡಿಸಿ, ಕೆಲವು ರೈತರಲ್ಲಿ ಮೊದಲು ಪರೀಕ್ಷಿಸಿ, ಅರ್ಥವಾಗದ ಪ್ರಶ್ನೆಗಳನ್ನು ತಿದ್ದುವುದು.
3. ಕ್ಷೇತ್ರ ಸಮೀಕ್ಷೆಯನ್ನು ಬೆಳೆಯ ಕಾಲಕ್ಕೆ ಹೊಂದಿಸುವುದು. ಮಾರಾಟ ಮುಗಿದ ಕೆಲವೇ ದಿನಗಳಲ್ಲಿ ಕೇಳಿದ ಲೆಕ್ಕ ನಂಬಲರ್ಹ. ಆರು ತಿಂಗಳ ನಂತರ ಕೇಳಿದ್ದು ಬಹುಪಾಲು ಅಂದಾಜು.
4. ಸಂಗ್ರಹಿಸಿದ ಮಾಹಿತಿಯನ್ನು ಅದೇ ದಿನ ಸಂಜೆ ಪರಿಶೀಲಿಸಿ ಗಣಕದಲ್ಲಿ ದಾಖಲಿಸುವುದು.
5. ವಿಶ್ಲೇಷಣೆ, ಬರವಣಿಗೆ, ತಿದ್ದುಪಡಿ ಮತ್ತು ಸಲ್ಲಿಕೆ.

ಅಧ್ಯಯನ ವಿಧಾನದ ಅಧ್ಯಾಯವನ್ನು ಸಮೀಕ್ಷೆಯ ದಿನಗಳಲ್ಲಿಯೇ ಬರೆಯತೊಡಗುವುದು ಸೂಕ್ತ. ಎಲ್ಲ ಬರವಣಿಗೆಯನ್ನೂ ಕೊನೆಯ ತಿಂಗಳಿಗೆ ಉಳಿಸಿಕೊಂಡರೆ ಮಾರ್ಗದರ್ಶಕರಿಗೆ ತಿದ್ದಲು ಸಮಯವಿರುವುದಿಲ್ಲ.

ಲೆಕ್ಕ ತಪ್ಪುವುದು ಎಲ್ಲಿ?

ಒಂದು ಕಾಲ್ಪನಿಕ ಉದಾಹರಣೆಯನ್ನು ಗಮನಿಸಿ. 15 ಕಿ.ಗ್ರಾಂ. ತೂಕದ ಒಂದು ಕ್ರೇಟ್ ಟೊಮೆಟೊ ಮಾರುಕಟ್ಟೆಯಲ್ಲಿ ರೂ. 240ಕ್ಕೆ ಮಾರಾಟವಾಯಿತು, ಅಂದರೆ ಕಿ.ಗ್ರಾಂ.ಗೆ ರೂ. 16. ಗ್ರಾಹಕರು ಅದೇ ಟೊಮೆಟೊಗೆ ಕಿ.ಗ್ರಾಂ.ಗೆ ರೂ. 30 ಕೊಟ್ಟರು. 'ಎಷ್ಟು ಸಿಕ್ಕಿತು?' ಎಂದು ಕೇಳಿದಾಗ ರೈತರು 'ಹದಿನಾರು ರೂಪಾಯಿ' ಎಂದರೆ, ಗ್ರಾಹಕರ ರೂಪಾಯಿಯಲ್ಲಿ ರೈತರ ಪಾಲು ಶೇ. 53 ಎಂದು ದಾಖಲಾಗುತ್ತದೆ. ಆದರೆ ಸಾಗಾಣಿಕೆ, ಹಮಾಲಿ, ಕ್ರೇಟ್ ಬಾಡಿಗೆ ಮುಂತಾದವುಗಳಿಗೆ ಕಿ.ಗ್ರಾಂ.ಗೆ ರೂ. 2 ಖರ್ಚಾಗಿದ್ದರೆ ಕೈಗೆ ಬಂದದ್ದು ರೂ. 14 ಮಾತ್ರ; ನಿಜವಾದ ಪಾಲು ಶೇ. 47. ಮರೆತ ಎರಡು ರೂಪಾಯಿ ರೈತರ ಸ್ಥಿತಿಯನ್ನು ಇರುವುದಕ್ಕಿಂತ ಉತ್ತಮವೆಂದು ತೋರಿಸಿತು. ಇಂತಹ ತಪ್ಪು ಹಲವರ ಉತ್ತರಗಳಲ್ಲಿ ಸೇರಿದರೆ ಪ್ರಬಂಧದ ಶಿಫಾರಸೇ ದಾರಿ ತಪ್ಪುತ್ತದೆ.

ಉತ್ಪಾದನಾ ವೆಚ್ಚದಲ್ಲಿಯೂ ಇದೇ ಎಚ್ಚರಿಕೆ ಬೇಕು. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಬಳಸುವ ಪರಿಕಲ್ಪನೆಗಳಲ್ಲಿ ಎ2 ಎಂಬುದು ರೈತರು ಭರಿಸಿದ ಖರ್ಚು ಹಾಗೂ ಗುತ್ತಿಗೆ ಭೂಮಿಗೆ ತೆತ್ತ ಬಾಡಿಗೆಯನ್ನು ಒಳಗೊಳ್ಳುತ್ತದೆ. ಅದಕ್ಕೆ ಮನೆಯವರ ದುಡಿಮೆಯ ಮೌಲ್ಯ ಸೇರಿದರೆ ಎ2+ಎಫ್‌ಎಲ್. ಸಿ2 ವೆಚ್ಚವು ಸ್ವಂತ ಭೂಮಿಯ ಬಾಡಿಗೆ ಮೌಲ್ಯ ಮತ್ತು ಸ್ವಂತ ಬಂಡವಾಳದ ಬಡ್ಡಿಯನ್ನೂ ಒಳಗೊಳ್ಳುತ್ತದೆ. ಯಾವ ವೆಚ್ಚವನ್ನು ಲೆಕ್ಕ ಹಾಕಲಾಗಿದೆ ಎಂಬುದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ತಿಳಿಸದಿದ್ದರೆ, ಒಂದೇ ಬೆಳೆಯು ಒಂದೆಡೆ ಲಾಭದಾಯಕವಾಗಿಯೂ ಇನ್ನೊಂದೆಡೆ ನಷ್ಟದಾಯಕವಾಗಿಯೂ ಕಾಣಬಹುದು.

ರೈತರು ಗಮನಿಸಬೇಕಾದ ಅಂಶಗಳು

• ಸಾಧ್ಯವಾದರೆ ಮಾರಾಟದ ಲೆಕ್ಕತಿರುವಳಿ ಪಟ್ಟಿ, ಗೊಬ್ಬರ ಮತ್ತು ಔಷಧಿಯ ರಸೀದಿಗಳನ್ನು ನೋಡಿ ಉತ್ತರಿಸಿ.
• ಮನೆಯ ಹೆಣ್ಣುಮಕ್ಕಳು ಕಳೆ ತೆಗೆದ, ಕೊಯ್ಲು ಮಾಡಿದ, ಹಣ್ಣು ವಿಂಗಡಿಸಿದ ದಿನಗಳನ್ನು ತಪ್ಪದೆ ಹೇಳಿ.
• ನೆನಪಿಲ್ಲದ ಸಂಗತಿಯನ್ನು 'ನೆನಪಿಲ್ಲ' ಎಂದೇ ತಿಳಿಸಿ. ವಿದ್ಯಾರ್ಥಿಗೆ ಬೇಸರವಾದೀತೆಂದು ಊಹಿಸಿ ಹೇಳಬೇಡಿ.
• ಮಾಹಿತಿಯನ್ನು ಯಾವುದಕ್ಕೆ ಬಳಸುತ್ತಾರೆ, ಹೆಸರನ್ನು ಗೌಪ್ಯವಾಗಿಡುತ್ತಾರೆಯೇ ಎಂದು ಕೇಳಿ. ಉತ್ತರಿಸದಿರುವ ಸ್ವಾತಂತ್ರ್ಯ ನಿಮಗಿದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ವಿದ್ಯಾರ್ಥಿಗಳು ಊರಿಗೆ ಬಂದಾಗ ಪರಿಚಿತ ಪ್ರಗತಿಪರ ರೈತರ ಮನೆಗೇ ಕರೆದೊಯ್ಯುವುದು ಸಹಜ. ಆದರೆ ಇದರಿಂದ ಮಾದರಿಯು ಒಂದೇ ಕಡೆಗೆ ವಾಲುತ್ತದೆ. ಬೆಳೆಗಾರರ ಪಟ್ಟಿಯನ್ನು ಒದಗಿಸಿ, ಅದರಿಂದ ಯಾದೃಚ್ಛಿಕವಾಗಿ ಆಯ್ಕೆ ಮಾಡಿಕೊಳ್ಳಲು ತಿಳಿಸಿ. ಸಣ್ಣ ಹಿಡುವಳಿದಾರರು, ಗುತ್ತಿಗೆ ಸಾಗುವಳಿದಾರರು ಹಾಗೂ ಮಹಿಳಾ ರೈತರು ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಗುತ್ತಿಗೆದಾರರ ಹೆಸರು ಪಹಣಿಯಲ್ಲಿ ಇಲ್ಲದಿರಬಹುದು. ಅವರನ್ನು ಗುರುತಿಸಲು ನಿಮ್ಮ ಸ್ಥಳೀಯ ತಿಳಿವಳಿಕೆಯೇ ಆಧಾರ.

ಬರವಣಿಗೆಯಲ್ಲಿ ಪ್ರಾಮಾಣಿಕತೆ

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳ ಪ್ರಕಾರ ಇತರರ ಬರಹದೊಡನೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗಬಹುದು. ಆದರೆ ಹೊಲಕ್ಕೆ ಹೋಗದೆ ಕೊಠಡಿಯಲ್ಲಿ ಕುಳಿತು ಪ್ರಶ್ನಾವಳಿ ತುಂಬುವ ತಪ್ಪನ್ನು ಯಾವ ತಂತ್ರಾಂಶವೂ ಸುಲಭವಾಗಿ ಹಿಡಿಯಲಾರದು. ನಿರೀಕ್ಷಿಸಿದ ಫಲಿತಾಂಶ ಬಾರದಿದ್ದರೆ ಬಂದುದನ್ನೇ ಬರೆಯಬೇಕು. ರೈತ ಉತ್ಪಾದಕ ಸಂಸ್ಥೆಗೆ ಮಾರಿದವರಿಗೆ ಹೆಚ್ಚಿನ ಲಾಭ ದೊರೆತಿಲ್ಲ ಎಂಬುದು ಕೂಡ ಆ ಸಂಸ್ಥೆಗೆ ಉಪಯುಕ್ತ ತಿಳಿವಳಿಕೆಯೇ.

ಪ್ರಬಂಧ ಸಲ್ಲಿಕೆಯಾದ ನಂತರ ಮುಖ್ಯ ಫಲಿತಾಂಶಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಸಂಗ್ರಹಿಸಿ, ಮಾಹಿತಿ ನೀಡಿದ ಗ್ರಾಮದಲ್ಲಿ ಓದಿ ಹೇಳುವುದು ವಿದ್ಯಾರ್ಥಿಯ ಕರ್ತವ್ಯವೆಂದು ಭಾವಿಸಬೇಕು. ಸಮೀಕ್ಷೆಗೆ ಒಪ್ಪುವ ದಿನವೇ ರೈತ ಬಾಂಧವರು ಈ ಪುಟವನ್ನು ಕೇಳಿ ಪಡೆಯುವುದಾಗಿ ತಿಳಿಸಿರಲಿ. ತಮ್ಮ ಲೆಕ್ಕ ತಮಗೆ ಮರಳಿ ಬಂದಾಗ, ಮುಂದಿನ ಬೆಳೆಯನ್ನು ಯಾವ ಮಾರ್ಗದಲ್ಲಿ ಮಾರಬೇಕೆಂಬ ನಿರ್ಧಾರಕ್ಕೆ ಅದು ನೆರವಾಗುತ್ತದೆ.